ಮಾತನಾಡುವ ಗಣಕ, ಕೇಳಿಸುವ ಆಟ: ಅಂಧ ಆಟಗಾರರಿಗೆ ಮುಕ್ತ ಕಾರ್ಯಾಚರಣಾ ವ್ಯವಸ್ಥೆಯ ಆಯ್ಕೆ

ಲೆಕ್ಕಪುಸ್ತಕದಲ್ಲಿ ಗಣಕಯಂತ್ರದ ಆಯುಷ್ಯ ಬಹಳ ಅಲ್ಪ. ಆದಾಯ ತೆರಿಗೆಯ ಲೆಕ್ಕದಲ್ಲಿ ಅದಕ್ಕೆ ಶೇ. 40ರ ದರದಲ್ಲಿ ಸವಕಳಿ ದೊರೆಯುತ್ತದೆ. 40,000 ರೂ. ಕೊಟ್ಟು ಕೊಂಡ ಯಂತ್ರದ ಮೌಲ್ಯ ಮೊದಲ ವರ್ಷದ ಕೊನೆಗೆ 24,000 ರೂ., ಎರಡನೆಯ ವರ್ಷದ ಕೊನೆಗೆ 14,400 ರೂ., ಮೂರನೆಯ ವರ್ಷದ ಕೊನೆಗೆ 8,640 ರೂ.ಗಳಿಗೆ ಇಳಿಯುತ್ತದೆ. ಪುಸ್ತಕದಲ್ಲಿ ಹೀಗೆ ಕರಗಿಹೋದ ಯಂತ್ರ ವಾಸ್ತವದಲ್ಲಿ ಇನ್ನೂ ಹಲವು ವರ್ಷ ದುಡಿಯಬಲ್ಲದು ಎಂಬುದು ವ್ಯಾಪಾರಿಗಳೆಲ್ಲರ ಅನುಭವ.

ಮೈಕ್ರೋಸಾಫ್ಟ್ ಸಂಸ್ಥೆಯು 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ವಿಂಡೋಸ್ 11 ಬೇಡುವ ಭದ್ರತಾ ಚಿಪ್ ಹಾಗೂ ಹೊಸ ಪ್ರೊಸೆಸರ್ ಅನೇಕ ಹಳೆಯ ಯಂತ್ರಗಳಲ್ಲಿ ಇಲ್ಲ. ಇದರಿಂದ ಚನ್ನಗಿರಿಯ ಅಡಿಕೆ ಮಂಡಿಯಲ್ಲಾಗಲಿ, ಹೊನ್ನಾಳಿಯ ಅಕ್ಕಿ ಗಿರಣಿಯಲ್ಲಾಗಲಿ, ನ್ಯಾಮತಿಯ ಗೊಬ್ಬರದ ಅಂಗಡಿಯಲ್ಲಾಗಲಿ, ಜಗಳೂರಿನ ಮೆಕ್ಕೆಜೋಳದ ವ್ಯಾಪಾರಿಯ ಕಚೇರಿಯಲ್ಲಾಗಲಿ ಗಟ್ಟಿಮುಟ್ಟಾಗಿರುವ ಯಂತ್ರವೂ ಮೂಲೆ ಸೇರುವ ಸಂದರ್ಭ ಒದಗಿದೆ. ಕೆಲವರು ಅದನ್ನು ಗುಜರಿಗೆ ಹಾಕುತ್ತಾರೆ. ಕೆಲವರು ಬಡ ವಿದ್ಯಾರ್ಥಿಗೆ ದಾನವಾಗಿ ಕೊಡುತ್ತಾರೆ.

ಆ ವಿದ್ಯಾರ್ಥಿ ಅಂಧನಾಗಿದ್ದರೆ? ಗುಂಡಿ ಒತ್ತಿದಾಗ ಮಾತನಾಡದ ಗಣಕ ಅವನ ಪಾಲಿಗೆ ಕಲ್ಲಿಗೆ ಸಮಾನ. ಮಾತನಾಡುವ ಗಣಕವಾದರೆ ಅದು ಪುಸ್ತಕ, ಪತ್ರಿಕೆ, ಬ್ಯಾಂಕು, ಉದ್ಯೋಗ ಎಲ್ಲವೂ ಆಗಬಲ್ಲದು. ಇವೆಲ್ಲಕ್ಕಿಂತ ಮೊದಲು ಅದು ಆಟದ ಅಂಗಳವಾಗಬಲ್ಲದು. ಅಂತಹ ಗಣಕಕ್ಕೆ ಯಾವ ಕಾರ್ಯಾಚರಣಾ ವ್ಯವಸ್ಥೆಯನ್ನು ಆರಿಸಬೇಕು ಎಂಬುದೇ ಈ ಲೇಖನದ ವಿಷಯ.

ಆಟವೆಂದರೆ ಕಾಲಹರಣವೇ?

ವಾಣಿಜ್ಯ ಪತ್ರಿಕೆಯಲ್ಲಿ ಆಟದ ಮಾತೇಕೆ ಎಂಬ ಪ್ರಶ್ನೆ ಸಹಜ. ದೃಷ್ಟಿಯುಳ್ಳ ಮಕ್ಕಳು ಗಣಕವನ್ನು ಕಲಿತದ್ದು ಬಹುಪಾಲು ಆಟದಿಂದಲೇ. ಮೌಸ್ ಹಿಡಿಯುವ ಹದ, ಕೀಲಿಮಣೆಯ ಪರಿಚಯ, ತಪ್ಪಾದರೆ ಹಿಂದೆ ಸರಿದು ಮತ್ತೆ ಪ್ರಯತ್ನಿಸುವ ಧೈರ್ಯ ಇವು ಅವರಿಗೆ ತರಗತಿಗಿಂತ ಮೊದಲೇ ದೊರೆತವು. ಅಂಧ ಮಗುವಿಗೆ ಮಾತ್ರ ಗಣಕವೆಂದರೆ ಆರಂಭದಿಂದಲೇ ಪಾಠ, ಪರೀಕ್ಷೆ ಮತ್ತು ಅರ್ಜಿ. ಈ ವ್ಯತ್ಯಾಸ ಮುಂದೆ ಉದ್ಯೋಗದ ಬಾಗಿಲಲ್ಲಿಯೂ ಕಾಣಿಸಿಕೊಳ್ಳುತ್ತದೆ.

ಆಟದ ಸಾಮರ್ಥ್ಯಕ್ಕೆ ದೃಷ್ಟಿ ಅಡ್ಡಿಯಲ್ಲ ಎಂಬುದಕ್ಕೆ ದೂರದ ನಿದರ್ಶನ ಬೇಕಿಲ್ಲ. ನೆರೆಯ ಶಿವಮೊಗ್ಗ ಜಿಲ್ಲೆಯ ಶೇಖರ್ ನಾಯ್ಕ್ 2012ರಲ್ಲಿ ಬೆಂಗಳೂರಿನಲ್ಲಿ ನಡೆದ ಅಂಧರ ಮೊದಲ ಟಿ-20 ವಿಶ್ವಕಪ್‌ನಲ್ಲಿ ಭಾರತ ತಂಡದ ನಾಯಕರಾಗಿ ಗೆಲುವು ತಂದರು. 2017ರಲ್ಲಿ ಅವರಿಗೆ ಪದ್ಮಶ್ರೀ ಗೌರವ ಸಂದಿತು. ಶಿವಮೊಗ್ಗದವರೇ ಆದ ಕಿಶನ್ ಗಂಗೊಳ್ಳಿ ಅಂಧರ ರಾಷ್ಟ್ರೀಯ ಚದುರಂಗ ಚಾಂಪಿಯನ್‌ಷಿಪ್ಪನ್ನು ಹಲವು ಬಾರಿ ಗೆದ್ದವರು. ಅಂಧರ ಕ್ರಿಕೆಟ್ಟಿನಲ್ಲಿ ಚೆಂಡು ಸದ್ದು ಮಾಡುತ್ತದೆ. ಅಂಧರ ಚದುರಂಗದ ಮಣೆಯಲ್ಲಿ ಕಪ್ಪು ಮನೆಗಳು ತುಸು ಎತ್ತರಕ್ಕಿರುತ್ತವೆ ಮತ್ತು ಕಾಯಿಗಳು ಕುಳಿಗಳಲ್ಲಿ ನಿಲ್ಲುತ್ತವೆ. ಆಟಗಾರ ಬದಲಾಗಲಿಲ್ಲ, ಸಲಕರಣೆ ಬದಲಾಯಿತು. ಗಣಕದ ಆಟಗಳಿಗೂ ಇದೇ ತತ್ತ್ವ ಅನ್ವಯಿಸುತ್ತದೆ.

ಕಿವಿಯಿಂದ ಆಡುವ ಆಟಗಳು

ಧ್ವನಿ ಆಟಗಳಲ್ಲಿ ಪರದೆಯ ಚಿತ್ರ ಮುಖ್ಯವಲ್ಲ. ಎದುರಾಳಿಯ ಹೆಜ್ಜೆ ಸಪ್ಪಳ ಎಡಗಿವಿಯಲ್ಲಿ ಕೇಳಿದರೆ ಅವನು ಎಡಕ್ಕಿದ್ದಾನೆ. ಸದ್ದು ಜೋರಾದರೆ ಹತ್ತಿರ ಬರುತ್ತಿದ್ದಾನೆ. ಹರಿಯುವ ನೀರು, ತೆರೆಯುವ ಬಾಗಿಲು, ಗೋಡೆಗೆ ತಾಗಿ ಮರಳುವ ಪ್ರತಿಧ್ವನಿ ಎಲ್ಲವೂ ದಾರಿ ತೋರುವ ಗುರುತುಗಳು.

1997ರಲ್ಲಿ ಜಪಾನಿನ ಕೆಂಜಿ ಎನೊ ಅವರ ವಾರ್ಪ್ ಸಂಸ್ಥೆಯು ಸೆಗಾ ಸ್ಯಾಟರ್ನ್ ಯಂತ್ರಕ್ಕಾಗಿ ಚಿತ್ರವೇ ಇಲ್ಲದ ‘ರಿಯಲ್ ಸೌಂಡ್’ ಎಂಬ ಆಟವನ್ನು ಹೊರತಂದಿತು. ಸೆಗಾ ಸಂಸ್ಥೆ ಅಂಧರಿಗೆ ಒಂದು ಸಾವಿರ ಯಂತ್ರಗಳನ್ನು ದಾನ ಮಾಡಬೇಕು, ತಾವು ಒಂದು ಸಾವಿರ ಆಟಗಳನ್ನು ಕೊಡುವುದಾಗಿ ಷರತ್ತು ಇಟ್ಟದ್ದನ್ನು ಎನೊ ಸಂದರ್ಶನವೊಂದರಲ್ಲಿ ಹೇಳಿದ್ದರು. ವ್ಯಾಪಾರದ ಕರಾರಿನೊಳಗೇ ಪರೋಪಕಾರವನ್ನು ಸೇರಿಸಿದ ಈ ರೀತಿ ವಾಣಿಜ್ಯೋದ್ಯಮಿಗಳ ಗಮನಕ್ಕೆ ಅರ್ಹವಾದುದು. ಫ್ರಾನ್ಸಿನ ಡೊವಿನೊ ಸಂಸ್ಥೆಯ ‘ಎ ಬ್ಲೈಂಡ್ ಲೆಜೆಂಡ್’ 2015ರಲ್ಲಿ ಬಂದಿತು. 2020ರ ‘ದ ಲಾಸ್ಟ್ ಆಫ್ ಅಸ್ ಪಾರ್ಟ್ 2’ ಆಟವು 60ಕ್ಕೂ ಹೆಚ್ಚು ಸೌಲಭ್ಯ ಆಯ್ಕೆಗಳನ್ನು ನೀಡಿತು. 2023ರ ‘ಫೋರ್ಜಾ ಮೋಟಾರ್‌ಸ್ಪೋರ್ಟ್’ ಕಾರು ಓಟದ ಆಟದಲ್ಲಿ ಅಂಧ ಚಾಲಕರಿಗೆಂದೇ ಧ್ವನಿ ಸೂಚನೆಗಳನ್ನು ಅಳವಡಿಸಲಾಯಿತು.

ಮುಕ್ತ ತಂತ್ರಾಂಶದ ಬಲ ಎಲ್ಲಿದೆ ಎಂಬುದನ್ನು ಇನ್ನೊಂದು ಘಟನೆ ತೋರಿಸುತ್ತದೆ. ಐಡಿ ಸಾಫ್ಟ್‌ವೇರ್ ಸಂಸ್ಥೆಯು ತನ್ನ ಪ್ರಸಿದ್ಧ ‘ಕ್ವೇಕ್’ ಆಟದ ಮೂಲ ಸಂಕೇತವನ್ನು 1999ರ ಡಿಸೆಂಬರ್‌ನಲ್ಲಿ ಮುಕ್ತ ಪರವಾನಗಿಯಡಿ ಬಿಡುಗಡೆ ಮಾಡಿತು. ಅದನ್ನು ಪಡೆದ ಸ್ವಯಂಸೇವಕರು ಗೋಡೆ, ತಿರುವು, ಶತ್ರು ಎಲ್ಲಕ್ಕೂ ಸದ್ದಿನ ಗುರುತು ಜೋಡಿಸಿ ಅಂಧರು ಆಡಬಲ್ಲ ‘ಆಡಿಯೊಕ್ವೇಕ್’ ರೂಪಿಸಿದರು. ಬಾಗಿಲು ತೆರೆದಿದ್ದರಿಂದ ಬೇರೆಯವರು ಒಳಹೊಕ್ಕು ದುರಸ್ತಿ ಮಾಡಲು ಸಾಧ್ಯವಾಯಿತು. ಮುಕ್ತ ತಂತ್ರಾಂಶದ ಮೊದಲ ಲಾಭ ಉಚಿತ ಎಂಬುದಲ್ಲ, ದುರಸ್ತಿಯ ಹಕ್ಕು.

ಪರದೆವಾಚಕ: ವ್ಯವಸ್ಥೆಯ ನಾಲಿಗೆ

ಪರದೆಯ ಮೇಲಿನ ಬರಹವನ್ನು ಓದಿ ಹೇಳುವ ತಂತ್ರಾಂಶಕ್ಕೆ ಸ್ಕ್ರೀನ್ ರೀಡರ್ ಅಥವಾ ಪರದೆವಾಚಕ ಎನ್ನುತ್ತಾರೆ. ಇದು ಬಹಳ ಕಾಲ ದುಬಾರಿ ವಸ್ತುವಾಗಿತ್ತು. ವಿಂಡೋಸ್‌ನ ಪ್ರಸಿದ್ಧ ಪರದೆವಾಚಕವಾದ ‘ಜಾಸ್’ ತಂತ್ರಾಂಶದ ಪರವಾನಗಿಗೆ ಹತ್ತಾರು ಸಾವಿರ ರೂಪಾಯಿ ತೆರಬೇಕಿತ್ತು.

2006ನೆಯ ಇಸವಿ ಈ ಕ್ಷೇತ್ರದಲ್ಲಿ ಗಮನಾರ್ಹ. ಆ ವರ್ಷ ಆಸ್ಟ್ರೇಲಿಯದ ಅಂಧ ಯುವಕ ಮೈಕೆಲ್ ಕರ್ರನ್ ‘ಎನ್‌ವಿಡಿಎ’ ಎಂಬ ಉಚಿತ, ಮುಕ್ತ ಪರದೆವಾಚಕವನ್ನು ಬರೆಯತೊಡಗಿದರು. ಬಾಲ್ಯದಲ್ಲಿ ಸಂಗೀತ ಶಿಬಿರವೊಂದರಲ್ಲಿ ಪರಿಚಯವಾಗಿದ್ದ, ಅವರಂತೆಯೇ ಅಂಧರಾದ ಜೇಮ್ಸ್ ಟೆ ಕೈಜೋಡಿಸಿದರು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಲಿನಕ್ಸ್‌ನ ‘ಗ್ನೋಮ್’ ಪರಿಸರಕ್ಕೆ ‘ಓರ್ಕಾ’ ಎಂಬ ಮುಕ್ತ ಪರದೆವಾಚಕ ಸೇರಿತು. ಎನ್‌ವಿಡಿಎ ವಿಂಡೋಸ್‌ನಲ್ಲಿಯೂ ಓರ್ಕಾ ಲಿನಕ್ಸ್‌ನಲ್ಲಿಯೂ ಕೆಲಸ ಮಾಡುತ್ತವೆ. ಎರಡಕ್ಕೂ ‘ಇಸ್ಪೀಕ್’ ಎಂಬ ಮುಕ್ತ ಧ್ವನಿ ತಂತ್ರಾಂಶ ಲಭ್ಯವಿದ್ದು, ಅದು ಕನ್ನಡವನ್ನೂ ಓದುತ್ತದೆ. ಧ್ವನಿ ಯಾಂತ್ರಿಕವಾದುದು, ಮೊದಲಿಗೆ ಕರ್ಕಶವೆನಿಸಬಹುದು. ಆದರೆ ವೇಗ ಹೆಚ್ಚಿಸಿದರೂ ಸ್ಪಷ್ಟತೆ ಉಳಿಯುವುದರಿಂದ ಅನುಭವಿ ಬಳಕೆದಾರರು ಇದನ್ನೇ ಮೆಚ್ಚುವುದುಂಟು. ಕನ್ನಡ ಬೆರಳಚ್ಚಿಗೆ ಲಿನಕ್ಸ್‌ನಲ್ಲಿ ಕಗಪ ವಿನ್ಯಾಸವೂ ಇನ್‌ಸ್ಕ್ರಿಪ್ಟ್ ವಿನ್ಯಾಸವೂ ದೊರೆಯುತ್ತವೆ.

ಆಯ್ಕೆಯ ಕಣದಲ್ಲಿರುವ ವ್ಯವಸ್ಥೆಗಳು

ಡೆಬಿಯನ್: 1993ರಲ್ಲಿ ಆರಂಭವಾದ ಈ ಯೋಜನೆ ಸ್ವಯಂಸೇವಕರಿಂದಲೇ ನಡೆಯುತ್ತಿದೆ. 2013ರ ಆವೃತ್ತಿ 7ರಿಂದ ಇದರ ಸ್ಥಾಪನಾ ತಂತ್ರಾಂಶವೇ ಮಾತನಾಡುತ್ತದೆ. ಆರಂಭದ ಪಟ್ಟಿ ಬಂದಾಗ ‘ಎಸ್’ ಕೀಲಿ ಹಾಗೂ ಎಂಟರ್ ಒತ್ತಿದರೆ ಸಾಕು, ಮುಂದಿನ ಪ್ರತಿಯೊಂದು ಪ್ರಶ್ನೆಯನ್ನೂ ಗಣಕ ಓದಿ ಹೇಳುತ್ತದೆ. ಹೀಗೆ ಸ್ಥಾಪಿಸಿದ ವ್ಯವಸ್ಥೆಯಲ್ಲಿ ಧ್ವನಿ ಸೌಲಭ್ಯವೂ ತಾನಾಗಿ ಮುಂದುವರಿಯುತ್ತದೆ. ಅಂಧ ವ್ಯಕ್ತಿ ಯಾರ ನೆರವೂ ಇಲ್ಲದೆ ತನ್ನ ಗಣಕವನ್ನು ತಾನೇ ಕಟ್ಟಿಕೊಳ್ಳಬಹುದೆಂಬುದು ಸಣ್ಣ ಮಾತಲ್ಲ.

ಉಬುಂಟು ಮತ್ತು ಉಬುಂಟು ಮಾಟೆ: ಉಬುಂಟುವಿನ ದೀರ್ಘಾವಧಿ ಆವೃತ್ತಿ ಎರಡು ವರ್ಷಕ್ಕೊಮ್ಮೆ ಬರುತ್ತದೆ ಮತ್ತು ಅದಕ್ಕೆ ಐದು ವರ್ಷ ಭದ್ರತಾ ಬೆಂಬಲವಿರುತ್ತದೆ. ಆಲ್ಟ್, ವಿಂಡೋಸ್ ಕೀಲಿ ಮತ್ತು ‘ಎಸ್’ ಮೂರನ್ನೂ ಒಟ್ಟಿಗೆ ಒತ್ತಿದರೆ ಓರ್ಕಾ ಎಚ್ಚರಗೊಳ್ಳುತ್ತದೆ. ಹಳೆಯ ಮಾದರಿಯ ಪಟ್ಟಿಗಳನ್ನು ಉಳಿಸಿಕೊಂಡಿರುವ ‘ಮಾಟೆ’ ಪರಿಸರವು ಹಳೆಯ ಯಂತ್ರಗಳಿಗೆ ಹಗುರ. ಕೀಲಿಮಣೆಯಿಂದ ನಡೆಸಲೂ ಸುಲಭ.

ಆಕ್ಸೆಸಿಬಲ್ ಕೋಕೊನಟ್: ನೆರೆಯ ಕೇರಳದ ಜೆಂಡಲೋನಾ ಬಳಗವು ಉಬುಂಟು ಮಾಟೆಯ ಆಧಾರದ ಮೇಲೆ ದೃಷ್ಟಿ ವಿಕಲಚೇತನರಿಗೆಂದೇ ರೂಪಿಸಿದ ವ್ಯವಸ್ಥೆ ಇದು. ಪರದೆವಾಚಕ ಹಾಗೂ ಅಗತ್ಯ ತಂತ್ರಾಂಶಗಳು ಮೊದಲೇ ಸೇರಿರುವುದರಿಂದ ಹೊಸಬರಿಗೆ ಅನುಕೂಲ.

ಸ್ಲಿಂಟ್: ಸ್ಲ್ಯಾಕ್‌ವೇರ್ ಆಧಾರಿತ ವ್ಯವಸ್ಥೆ. ಸ್ಥಾಪನೆಯಲ್ಲಿಯೇ ಧ್ವನಿ ಹಾಗೂ ಬ್ರೈಲ್ ಎರಡಕ್ಕೂ ಅವಕಾಶವಿದೆ. ಆದರೆ ಇದು ನುರಿತವರಿಗೆ ತಕ್ಕುದು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಅಂಧರಿಗೆಂದೇ ಹುಟ್ಟಿದ ‘ವಿನಕ್ಸ್’ ಮತ್ತು ‘ಸೋನಾರ್’ ಎಂಬ ವ್ಯವಸ್ಥೆಗಳು ಒಂದು ಕಾಲಕ್ಕೆ ಜನಪ್ರಿಯವಾಗಿದ್ದವು. ಬೆರಳೆಣಿಕೆಯ ಉತ್ಸಾಹಿಗಳ ಹೆಗಲ ಮೇಲೆ ನಿಂತಿದ್ದ ಇವೆರಡೂ ಕಾಲಾನಂತರ ನಿಂತುಹೋದವು. ಲೆಕ್ಕಶಾಸ್ತ್ರದಲ್ಲಿ ಸಂಸ್ಥೆಯೊಂದು ಮುಂದುವರಿಯುವ ಸಾಮರ್ಥ್ಯ ಹೊಂದಿದೆಯೇ ಎಂಬುದನ್ನು ಪರಿಶೀಲಿಸಿದ ನಂತರವೇ ಆಸ್ತಿಯ ಮೌಲ್ಯ ಕಟ್ಟುತ್ತಾರೆ. ಇಲ್ಲಿಯೂ ಅದೇ ಪರೀಕ್ಷೆ ಬೇಕು. ಪ್ರತ್ಯೇಕ ವ್ಯವಸ್ಥೆ ನಿಂತರೂ ಕಲಿಕೆ ವ್ಯರ್ಥವಾಗಬಾರದು. ಕೋಕೊನಟ್‌ನಲ್ಲಿ ಕಲಿತ ಓರ್ಕಾ ಉಬುಂಟುವಿನಲ್ಲಿಯೂ ಡೆಬಿಯನ್‌ನಲ್ಲಿಯೂ ಹಾಗೆಯೇ ನಡೆಯುತ್ತದೆ ಎಂಬುದು ಸಮಾಧಾನದ ಸಂಗತಿ.

ಆಟದ ದೃಷ್ಟಿಯಿಂದ ಪರಿಶೀಲನೆ

ಪತ್ರ ಬರೆಯುವಾಗ ಧ್ವನಿ ಅರೆಕ್ಷಣ ತಡವಾದರೆ ನಷ್ಟವಿಲ್ಲ. ಆಟದಲ್ಲಿ ಅರೆಕ್ಷಣ ತಡವೆಂದರೆ ಸೋಲು. ಆದ್ದರಿಂದಲೇ ವ್ಯವಸ್ಥೆಯೊಂದರ ಧ್ವನಿ ಸಾಮರ್ಥ್ಯಕ್ಕೆ ಆಟಕ್ಕಿಂತ ಕಠಿಣ ಪರೀಕ್ಷೆ ಇನ್ನೊಂದಿಲ್ಲ.

ಲಿನಕ್ಸ್‌ನಲ್ಲಿ ನೇರವಾಗಿ ನಡೆಯುವ ಆಟಗಳಲ್ಲಿ ಮೊದಲನೆಯವು ಪಠ್ಯ ಸಾಹಸಗಳು. ‘ಫ್ರಾಟ್ಜ್’ ಎಂಬ ತಂತ್ರಾಂಶದ ಮೂಲಕ ಕಥೆ ಓದುತ್ತಾ, ಆಜ್ಞೆ ಬರೆಯುತ್ತಾ ಆಡಬಹುದು. ‘ಸೌಂಡ್‌ಆರ್‌ಟಿಎಸ್’ ಎಂಬುದು ಸೈನ್ಯ ಕಟ್ಟಿ ಯುದ್ಧ ನಡೆಸುವ ಮುಕ್ತ ಧ್ವನಿ ಆಟ. ಸ್ವಯಂಸೇವಕರು ಅದನ್ನು ಹಲವು ಭಾಷೆಗಳಿಗೆ ತಂದಿದ್ದಾರೆ. ಚದುರಂಗಕ್ಕೆ ‘ಲಿಚೆಸ್’ ಎಂಬ ಮುಕ್ತ ತಾಣವಿದ್ದು, ಪರದೆವಾಚಕ ಬಳಸುವವರಿಗೆ ಪ್ರತ್ಯೇಕ ವಿಧಾನವನ್ನು ಒದಗಿಸಿದೆ. ಹೊನ್ನಾಳಿಯಲ್ಲಿ ಕುಳಿತ ಬಾಲಕಿ ಹಾಲೆಂಡಿನ ಎದುರಾಳಿಯೊಡನೆ ಆಡುವಾಗ, ಅವಳಿಗೆ ದೃಷ್ಟಿಯಿಲ್ಲವೆಂಬುದು ಎದುರಾಳಿಗೆ ತಿಳಿಯಬೇಕಾದ ಅಗತ್ಯವೂ ಇಲ್ಲ.

ಆದರೆ ಸತ್ಯವನ್ನು ಮರೆಮಾಚಬಾರದು. ಧ್ವನಿ ಆಟಗಳ ದೊಡ್ಡ ಭಂಡಾರ ವಿಂಡೋಸ್‌ಗಾಗಿಯೇ ತಯಾರಾಗಿದೆ. ಅವುಗಳನ್ನು ಲಿನಕ್ಸ್‌ನಲ್ಲಿ ನಡೆಸಲು ‘ವೈನ್’ ಎಂಬ ಹೊಂದಾಣಿಕೆಯ ಪದರ ಬೇಕು. ‘ಆಡಿಯೊಗೇಮ್ ಮ್ಯಾನೇಜರ್’ ಎಂಬ ಉಚಿತ ಸಾಧನ ಈ ಕೆಲಸವನ್ನು ಸುಲಭಗೊಳಿಸಿದೆ. ಆದರೂ ಕೆಲವು ಆಟಗಳಲ್ಲಿ ಮಾತು ಕೇಳಿಸದಿರುವುದು, ಕೀಲಿಗಳು ಘರ್ಷಿಸುವುದು ಉಂಟು. ಲಿನಕ್ಸ್‌ನಲ್ಲಿ ಹಳೆಯ ‘ಎಕ್ಸ್’ ಪರದೆ ಪದ್ಧತಿಯಿಂದ ‘ವೇಲ್ಯಾಂಡ್’ ಪದ್ಧತಿಗೆ ಬದಲಾಗುವ ಹಂತದಲ್ಲಿ ಪರದೆವಾಚಕಕ್ಕೆ ತೊಡಕುಗಳೂ ಎದುರಾದವು. ಆದ್ದರಿಂದ ಹೊಸ ಆವೃತ್ತಿ ಬಂದ ದಿನವೇ ಅದಕ್ಕೆ ಹಾರದೆ ದೀರ್ಘಾವಧಿ ಆವೃತ್ತಿಯಲ್ಲಿ ಉಳಿಯುವುದು ಜಾಣತನ. ಇನ್ನೊಂದೆಡೆ ವಾಲ್ವ್ ಸಂಸ್ಥೆಯು 2025ರಲ್ಲಿ ತನ್ನ ಲಿನಕ್ಸ್ ಆಧಾರಿತ ‘ಸ್ಟೀಮ್ ಓಎಸ್’ಗೆ ಪರದೆವಾಚಕವನ್ನು ಸೇರಿಸಿರುವುದು ಆಶಾದಾಯಕ.

ಉಪಕರಣದ ಬಗ್ಗೆಯೂ ಎರಡು ಮಾತು. ಬ್ಲೂಟೂತ್ ಹೆಡ್‌ಫೋನ್‌ನಲ್ಲಿ ಧ್ವನಿ ತುಸು ತಡವಾಗಿ ತಲುಪುತ್ತದೆ. ಆಟಕ್ಕೆ ತಂತಿಯುಳ್ಳ ಸ್ಟೀರಿಯೊ ಹೆಡ್‌ಫೋನೇ ಸರಿ. ಎಡಬಲದ ಭೇದ ತೋರದ ಅಗ್ಗದ ಸ್ಪೀಕರಿನಲ್ಲಿ ಧ್ವನಿ ಆಟ ಆಡುವುದೆಂದರೆ ಮಂಜಿನಲ್ಲಿ ನಡೆದಂತೆ. ಹಳೆಯ ಯಂತ್ರಕ್ಕೆ ಎಸ್‌ಎಸ್‌ಡಿ ಅಳವಡಿಸಿದರೆ ಆರಂಭದ ಕಾಯುವಿಕೆ ಗಣನೀಯವಾಗಿ ತಗ್ಗುತ್ತದೆ. ಪರದೆ ಕಪ್ಪಾಗಿದೆಯೋ ಬೆಳಗಿದೆಯೋ ಕಾಣದವರಿಗೆ ಈ ಕಾಯುವಿಕೆ ಬಹಳ ದೀರ್ಘವೆನಿಸುತ್ತದೆ.

ಉಚಿತದ ಲೆಕ್ಕ

ಉಚಿತ ಎಂಬ ಶಬ್ದವನ್ನು ಲೆಕ್ಕಪರಿಶೋಧಕರು ಸಂಶಯದಿಂದಲೇ ನೋಡುತ್ತಾರೆ. ವೆಚ್ಚದಲ್ಲಿ ಮೂರು ಬಾಬ್ತುಗಳಿವೆ: ಖರೀದಿ, ಕಲಿಕೆ ಮತ್ತು ನಿರ್ವಹಣೆ. ಮುಕ್ತ ವ್ಯವಸ್ಥೆಯಲ್ಲಿ ಮೊದಲನೆಯದು ಶೂನ್ಯ. ಎರಡನೆಯದು ಮತ್ತು ಮೂರನೆಯದು ಶೂನ್ಯವಲ್ಲ. ಜಗಳೂರಿನಲ್ಲಿ ಧ್ವನಿ ಕೈಕೊಟ್ಟರೆ ಓರ್ಕಾ ಬಲ್ಲವರನ್ನು ಹುಡುಕುವುದು ಸುಲಭವಲ್ಲ. ಬಾಡಿಗೆ ವಾಹನದಲ್ಲಿ ದಾವಣಗೆರೆಗೆ ಯಂತ್ರ ಹೊತ್ತೊಯ್ಯುವ ಖರ್ಚು, ಜೊತೆಗೆ ಬರುವವರ ಒಂದು ದಿನದ ಕೂಲಿ ಇವು ಯಾವ ಬಿಲ್ಲಿನಲ್ಲಿಯೂ ನಮೂದಾಗುವುದಿಲ್ಲ. ದಾನಿ ಉಳಿಸಿದ ಹಣವನ್ನು ಪಡೆದವನು ತೆರುವಂತಾದರೆ ಅದು ದಾನವಲ್ಲ, ಹೊಣೆಯ ವರ್ಗಾವಣೆ.

ಈ ಹಿನ್ನೆಲೆಯಲ್ಲಿ ಆಯ್ಕೆಯನ್ನು ಹೀಗೆ ಸಂಗ್ರಹಿಸಬಹುದು.

ಯಂತ್ರದಲ್ಲಿ ಪರವಾನಗಿಯುಳ್ಳ ವಿಂಡೋಸ್ 11 ಈಗಾಗಲೇ ಇದ್ದು, ಹೆಚ್ಚು ಆಟಗಳೇ ಮುಖ್ಯವಾದರೆ ಅದನ್ನು ಅಳಿಸಬೇಕಿಲ್ಲ. ಅದರ ಮೇಲೆ ಎನ್‌ವಿಡಿಎ ಹಾಕಿದರೆ ಸಾಕು. ಎನ್‌ವಿಡಿಎಯನ್ನು ಪೆನ್‌ಡ್ರೈವಿನಲ್ಲಿ ಒಯ್ದು ಬೇರೆ ಗಣಕದಲ್ಲಿಯೂ ಬಳಸಬಹುದು.

ವಿಂಡೋಸ್ 11 ಒಪ್ಪದ ಹಳೆಯ ಯಂತ್ರವಾದರೆ ಉಬುಂಟು ಮಾಟೆ ಅಥವಾ ಆಕ್ಸೆಸಿಬಲ್ ಕೋಕೊನಟ್ ಮೊದಲ ಆಯ್ಕೆ. ಓದು, ಬರಹ, ಲಿಬ್ರೆ ಆಫೀಸ್, ಚದುರಂಗ, ಪಠ್ಯ ಆಟಗಳು ಇವೆಲ್ಲ ಅಡೆತಡೆಯಿಲ್ಲದೆ ನಡೆಯುತ್ತವೆ.

ತನ್ನ ಯಂತ್ರವನ್ನು ತಾನೇ ಕಟ್ಟಿ ನಿರ್ವಹಿಸುವ ಹಂಬಲವುಳ್ಳ ಯುವಕ ಯುವತಿಯರಿಗೆ ಡೆಬಿಯನ್. ಅಲ್ಲಿ ಕಲಿತ ವಿದ್ಯೆ ಸರ್ವರ್ ನಿರ್ವಹಣೆಯಂತಹ ಉದ್ಯೋಗಕ್ಕೂ ದಾರಿಯಾಗಬಲ್ಲದು. ಆಟಕ್ಕಾಗಿ ವೈನ್ ಸರಿಪಡಿಸುತ್ತಾ ಕಲಿತ ತಾಳ್ಮೆ ಯಾವ ಪ್ರಮಾಣಪತ್ರಕ್ಕೂ ಕಡಿಮೆಯಲ್ಲ.

ಕೈಯಲ್ಲಿ ಆಂಡ್ರಾಯ್ಡ್ ಫೋನ್ ಮಾತ್ರ ಇದ್ದರೆ ಅದನ್ನೂ ಕಡೆಗಣಿಸಬೇಕಿಲ್ಲ. ಅದರ ‘ಟಾಕ್‌ಬ್ಯಾಕ್’ ಸೌಲಭ್ಯ ಮಾತನಾಡುತ್ತದೆ, ಗೂಗಲ್‌ನ ಕನ್ನಡ ಧ್ವನಿಯೂ ದೊರೆಯುತ್ತದೆ. ಕೀಲಿಮಣೆಯ ಕಲಿಕೆಗೆ ಮಾತ್ರ ಗಣಕವೇ ಬೇಕು.

ಕಣ್ಣು ಮುಚ್ಚಿ ಪರೀಕ್ಷಿಸಿ

ಯಂತ್ರ ಕೊಡುವ ಮುನ್ನ ಒಂದು ಸರಳ ಪರೀಕ್ಷೆ ನಡೆಸಬಹುದು. ಮಾನಿಟರಿನ ತಂತಿ ಕಳಚಿಡಿ. ಗುಂಡಿ ಒತ್ತಿ. ಗುಪ್ತಪದ ಬರೆಯುವ ಹಂತದಲ್ಲಿ ಗಣಕ ಮಾತನಾಡುತ್ತದೆಯೇ? ಧ್ವನಿಯ ವೇಗ ಬದಲಿಸಬಹುದೇ? ಒಂದು ಕಡತ ತೆರೆದು ಮುಚ್ಚಬಹುದೇ? ಒಂದು ಆಟ ಆರಂಭಿಸಿ, ಸೋತು, ಹೊರಬರಬಹುದೇ? ಕೊನೆಗೆ ಯಂತ್ರವನ್ನು ಕ್ರಮಬದ್ಧವಾಗಿ ಆರಿಸಬಹುದೇ? ಈ ಐದರಲ್ಲಿ ಒಂದಕ್ಕೆ ‘ಇಲ್ಲ’ ಎಂಬ ಉತ್ತರ ಬಂದರೂ ಯಂತ್ರ ಇನ್ನೂ ಸಿದ್ಧವಾಗಿಲ್ಲ. ಸಾಧ್ಯವಾದಲ್ಲಿ ಪಡೆಯುವ ವ್ಯಕ್ತಿಯನ್ನೇ ಕರೆದು ಪರೀಕ್ಷೆ ಮಾಡಿಸುವುದು ಇನ್ನೂ ಮೇಲು. ಅವರ ಕೈ ಎಲ್ಲಿ ತಡೆಯುತ್ತದೆ ಎಂಬುದು ಅವರಿಗಷ್ಟೇ ಗೊತ್ತು.

ಸದಸ್ಯರ ಹೊಣೆ

ವಿಕಲಚೇತನರ ಹಕ್ಕುಗಳ ಅಧಿನಿಯಮ 2016 ಜಾರಿಗೆ ಬಂದುದು 2017ರ ಏಪ್ರಿಲ್‌ನಲ್ಲಿ. ಪ್ರತಿಯೊಂದು ಸಂಸ್ಥೆಯೂ ಸಮಾನ ಅವಕಾಶ ನೀತಿಯನ್ನು ಪ್ರಕಟಿಸಬೇಕೆಂದು ಅದು ವಿಧಿಸುತ್ತದೆ. ಇಪ್ಪತ್ತು ಮತ್ತು ಅದಕ್ಕಿಂತ ಹೆಚ್ಚು ನೌಕರರಿರುವ ಖಾಸಗಿ ಸಂಸ್ಥೆಗಳ ನೀತಿಯಲ್ಲಿ ಒದಗಿಸುವ ಸೌಲಭ್ಯಗಳ ವಿವರವೂ ಇರಬೇಕು. ಸರ್ವೋಚ್ಚ ನ್ಯಾಯಾಲಯವು 2024ರ ನವೆಂಬರ್ 8ರಂದು ರಾಜೀವ್ ರತೂರಿ ಪ್ರಕರಣದ ತೀರ್ಪಿನಲ್ಲಿ, ಸೌಲಭ್ಯದ ಕನಿಷ್ಠ ಮಾನದಂಡಗಳು ಕೇವಲ ಸಲಹೆಯಾಗಿರದೆ ಕಡ್ಡಾಯವಾಗಿರಬೇಕೆಂದು ಸ್ಪಷ್ಟಪಡಿಸಿತು. ಆದ್ದರಿಂದ ಇದು ಕರುಣೆಯ ಪ್ರಶ್ನೆಯಾಗಿ ಉಳಿದಿಲ್ಲ, ಹಕ್ಕಿನ ಪ್ರಶ್ನೆಯಾಗಿದೆ.

ಜಿಲ್ಲೆಯಲ್ಲಿ ಅನುಕೂಲಗಳೂ ಇವೆ. ದಾವಣಗೆರೆಯಲ್ಲಿ ಸರ್ಕಾರಿ ಅಂಧ ಮಕ್ಕಳ ಶಾಲೆಯಿದೆ. ಕೇಂದ್ರ ಸರ್ಕಾರದ ಸಂಯುಕ್ತ ಪ್ರಾದೇಶಿಕ ಕೇಂದ್ರ, ಅಂದರೆ ಸಿಆರ್‌ಸಿ, ವಿಕಲಚೇತನರ ಕೌಶಲ ಹಾಗೂ ಪುನರ್ವಸತಿಗಾಗಿ ಇಲ್ಲಿಯೇ ಸ್ಥಾಪಿತವಾಗಿದೆ. ಯುಬಿಡಿಟಿ, ಬಿಐಇಟಿಯಂತಹ ಇಂಜಿನಿಯರಿಂಗ್ ಕಾಲೇಜುಗಳಿವೆ. ವರ್ತಕರು ಹಳೆಯ ಯಂತ್ರ ಮತ್ತು ಹೆಡ್‌ಫೋನ್ ಕೊಡಲಿ. ವಿದ್ಯಾರ್ಥಿಗಳು ವ್ಯವಸ್ಥೆ ಸ್ಥಾಪಿಸಿ ಒಂದು ವರ್ಷ ದೂರವಾಣಿ ನೆರವು ನೀಡಲಿ. ತಾಲ್ಲೂಕಿಗೊಬ್ಬರಂತೆ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳಲ್ಲಿ ನಾಲ್ವರು ಓರ್ಕಾ ಕಲಿತರೂ ಮೇಲೆ ಹೇಳಿದ ನಿರ್ವಹಣಾ ವೆಚ್ಚದ ಬಹುಭಾಗ ಇಳಿಯುತ್ತದೆ. ಆ ನಾಲ್ವರು ಅಂಧರೇ ಆದರೆ ಅದು ಅವರಿಗೆ ಸೇವಾ ವೃತ್ತಿಯೂ ಆದೀತು.

ಇನ್ನೊಂದು ಕೆಲಸ ಬಾಕಿಯಿದೆ. ಧ್ವನಿ ಆಟಗಳು ಬಹುತೇಕ ಇಂಗ್ಲಿಷಿನಲ್ಲಿವೆ. ನಮ್ಮ ಅಳಗುಳಿ ಮಣೆಯಲ್ಲಿ ಎರಡು ಸಾಲು, ಹದಿನಾಲ್ಕು ಗುಳಿ. ಕಾಯಿ ಬೀಳುವ ಸದ್ದಿನಿಂದಲೇ ಎಣಿಕೆ ಹಿಡಿಯಬಹುದಾದ ಆಟ ಅದು. ಅದನ್ನು ಕನ್ನಡ ಮಾತಾಡುವ ಮುಕ್ತ ಧ್ವನಿ ಆಟವಾಗಿಸುವುದು ಅಂತಿಮ ವರ್ಷದ ವಿದ್ಯಾರ್ಥಿಗಳಿಗೆ ತಕ್ಕ ಯೋಜನೆ. ಅದಕ್ಕೆ ಬಹುಮಾನ ಇಡಲು ವಾಣಿಜ್ಯ ಸಂಸ್ಥೆಗೆ ದೊಡ್ಡ ಮೊತ್ತವೇನೂ ಬೇಕಾಗದು.

ಸವಕಳಿ ಕಳೆದ ಯಂತ್ರದ ಪುಸ್ತಕ ಮೌಲ್ಯ ಐದು ವರ್ಷಕ್ಕೆ ಮೂರು ಸಾವಿರ ರೂಪಾಯಿಯಷ್ಟೇ. ಸರಿಯಾದ ವ್ಯವಸ್ಥೆ ಹಾಕಿ, ಕಣ್ಣು ಮುಚ್ಚಿ ಪರೀಕ್ಷಿಸಿ ಕೊಟ್ಟರೆ ಅದೇ ಯಂತ್ರ ಒಬ್ಬರ ಬದುಕಿನ ಮೂಲ ಬಂಡವಾಳವಾಗಬಲ್ಲದು. ಈ ವರ್ಷದ ಲೆಕ್ಕ ಮುಗಿಸುವ ಮುನ್ನ ಸದಸ್ಯರು ತಮ್ಮ ಕಚೇರಿಯ ಮೂಲೆಯನ್ನೊಮ್ಮೆ ನೋಡುವುದು ಒಳಿತು.